ಸುಂಕದವನ ಮುಂದೆ ಸುಖದುಃಖ ಬೇಡ, ಪಂಚನಾಮೆ ಕೇಳಿ

ದುಬೈಯಿಂದಲೋ ಮಸ್ಕತ್‌ನಿಂದಲೋ ಬಂದು ಮಂಗಳೂರು, ಬೆಂಗಳೂರಿನಲ್ಲಿ ಇಳಿದ ಹೆಂಗಸಿನ ಕೊರಳಿನ ಸರ, ಕೈಬಳೆಗಳನ್ನು ಕಸ್ಟಮ್ಸ್ ಕೌಂಟರಿನಲ್ಲಿ ಬಿಚ್ಚಿಸಿಕೊಂಡು, ಒಂದು ಚೀಟಿಯನ್ನೂ ಕೊಡದೆ ‘ನಾಳೆ ಆಫೀಸಿಗೆ ಬನ್ನಿ’ ಎಂದು ಕಳಿಸಿದರೆ ಅದು ತಪಾಸಣೆಯಲ್ಲ, ಅಧಿಕಾರದ ದುರುಪಯೋಗ. ಆ ಹೊತ್ತಿನಲ್ಲಿ ಅಳುವುದು, ಗೋಗರೆಯುವುದು, ಮದುವೆ ಮುಂಜಿಯ ಕಥೆ ಹೇಳುವುದು ಕೆಲಸಕ್ಕೆ ಬರುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕೆಲಸಕ್ಕೆ ಬರುವುದು ಕಾಗದ ಮಾತ್ರ.

1962ರ ಕಸ್ಟಮ್ಸ್ ಕಾಯ್ದೆಯ 110ನೇ ಕಲಂ ಪ್ರಕಾರ, ವಸ್ತು ಮುಟ್ಟುಗೋಲಿಗೆ, ಅಂದರೆ ಸರ್ಕಾರದ ಪಾಲಾಗುವುದಕ್ಕೆ, ಒಳಪಡುವಂಥದ್ದು ಎಂದು ನಂಬಲು ಕಾರಣವಿದ್ದರೆ ಅಧಿಕಾರಿ ಅದನ್ನು ಜಪ್ತಿ ಮಾಡಿ ವಶದಲ್ಲಿಟ್ಟುಕೊಳ್ಳಬಹುದು. ಕಾರಣ ಬರಹದಲ್ಲಿ ಇರಬೇಕು. ‘ಡಿಟೆನ್ಷನ್ (ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು) ಅಷ್ಟೇ, ಜಪ್ತಿ ಅಲ್ಲ’ ಎಂದರೆ ಡಿಟೆನ್ಷನ್ ರಸೀದಿ ಕೇಳಿ. ಜಪ್ತಿ ಎಂದರೆ, ಸಾಕ್ಷಿಗಳ ಎದುರು ಬರೆಯುವ ಪಂಚನಾಮೆಯ ಪ್ರತಿ ಕೇಳಿ. ಎರಡೂ ಇಲ್ಲದೆ ಹೊರಬಂದರೆ, ಒಡವೆ ನಿಮ್ಮಿಂದ ಹೋಯಿತು ಎನ್ನುವುದಕ್ಕೇ ದಾಖಲೆ ಇರುವುದಿಲ್ಲ.

ಪಂಚನಾಮೆಯಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ತೂಕ. ಕರಿಮಣಿ ಸರವನ್ನು ಹಾಗೇ ತಕ್ಕಡಿಗೆ ಹಾಕಿದರೆ ಮಣಿ, ಹರಳು, ದಾರ ಎಲ್ಲವೂ ಚಿನ್ನದ ಲೆಕ್ಕಕ್ಕೇ ಸೇರಿಬಿಡುತ್ತವೆ. ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ಎಷ್ಟು ಕ್ಯಾರೆಟ್, ಎಷ್ಟು ತುಂಡು ಎಂಬುದನ್ನು ಬೇರೆಬೇರೆಯಾಗಿ ಬರೆಸಿ. ‘ಹಳದಿ ಲೋಹದ ಸರ 1’ ಎಂದಷ್ಟೇ ಇದ್ದರೆ ಒಪ್ಪಬೇಡಿ: ತಾಳಿ ಎಷ್ಟು, ಗುಂಡು ಎಷ್ಟು, ಕೊಂಡಿ ಹೇಗಿದೆ, ಎಲ್ಲಿ ಸವೆದಿದೆ ಎಲ್ಲವೂ ಬರಲಿ. ಸವೆತ ಹಳೆಯ ಒಡವೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಪೊಟ್ಟಣಕ್ಕೆ ಸೀಲು ಹಾಕುವಾಗ ನಿಮ್ಮ ಸಹಿಯೂ ಅದರ ಮೇಲೆ ಬೀಳಲಿ.

ಮೈ ತಪಾಸಣೆ ಎಂದರೆ, ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕನ್ನು 102ನೇ ಕಲಂ ಕೊಡುತ್ತದೆ. ಇಬ್ಬರು ಪಂಚರು (ಸಾಕ್ಷಿಗಳು) ಇರಬೇಕು. ಹೆಂಗಸನ್ನು ಹೆಂಗಸೇ ತಪಾಸಣೆ ಮಾಡಬೇಕು, ಇದಕ್ಕೆ ವಿನಾಯಿತಿ ಇಲ್ಲ. ಕಾರಣವಿಲ್ಲದೆ ತಪಾಸಣೆಗೆ ಒಳಪಡಿಸಿದ ಅಧಿಕಾರಿಗೆ 136ನೇ ಕಲಮಿನಲ್ಲಿ 6 ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಇದೆ. ಇಷ್ಟು ಗಂಭೀರ ತಪ್ಪಿಗೆ ಸಾವಿರ ರೂಪಾಯಿ ದಂಡ ಎನ್ನುವುದು ನಾಚಿಕೆಗೇಡು.

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಒಂದು ಅಚ್ಚಾದ ಹಾಳೆಯಲ್ಲಿ. ‘ನನಗೆ ಶೋಕಾಸ್ (ಕಾರಣ ಕೇಳುವ) ನೋಟಿಸ್ ಬೇಡ, ವಿಚಾರಣೆಯೂ ಬೇಡ’ ಎಂದು ಇಂಗ್ಲಿಷಿನಲ್ಲಿ ಮೊದಲೇ ಮುದ್ರಿಸಿರುತ್ತದೆ. ರಾತ್ರಿ ಎರಡು ಗಂಟೆ, ಮಡಿಲಲ್ಲಿ ಮಗು, ಹೊರಗೆ ಕಾಯುತ್ತಿರುವ ಟ್ಯಾಕ್ಸಿ. ಸಹಿ ಬಿದ್ದೇಬಿಡುತ್ತದೆ. ಮುಟ್ಟುಗೋಲಿಗೆ ಮುನ್ನ ನೋಟಿಸ್ ಕೊಟ್ಟು ಅಹವಾಲು ಕೇಳಲೇಬೇಕು ಎನ್ನುತ್ತದೆ 124ನೇ ಕಲಂ. ಇಂಥ ಅಚ್ಚಿನ ಹಾಳೆಯಿಂದ ಆ ಹಕ್ಕು ಹೋಗುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹಲವು ಪ್ರಕರಣಗಳಲ್ಲಿ ಹೇಳಿ, ಒಡವೆ ಬಿಡುಗಡೆಗೆ ಆದೇಶಿಸಿದೆ. ಆದರೂ ಕೋರ್ಟಿಗೆ ಹೋಗುವ ಖರ್ಚು ನಿಮ್ಮದೇ. ಹಾಗಾಗಿ ಸಹಿ ಹಾಕಬೇಡಿ. ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಸಹಿಯ ಮೇಲೆ ಕನ್ನಡದಲ್ಲೇ ‘ಓದಿ ಹೇಳಿಲ್ಲ, ನನಗೆ ನೋಟಿಸ್ ಬೇಕು’ ಎಂದು ಬರೆಯಿರಿ. 108ನೇ ಕಲಮಿನಲ್ಲಿ ಅಧಿಕಾರಿ ಬರೆಸಿಕೊಳ್ಳುವ ನಿಮ್ಮ ಹೇಳಿಕೆಗೂ ಇದೇ ಮಾತು. ಒತ್ತಡದಲ್ಲಿ ಕೊಟ್ಟಿದ್ದರೆ ಮರುದಿನವೇ ಅದನ್ನು ಹಿಂಪಡೆಯುವ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ತಿಂಗಳುಗಟ್ಟಲೆ ಬಿಟ್ಟು ಕಳಿಸಿದ ಪತ್ರವನ್ನು ಆಮೇಲೆ ಯೋಚಿಸಿ ಕಟ್ಟಿದ್ದು ಎಂದು ಪಕ್ಕಕ್ಕಿಡುತ್ತಾರೆ.

ಆಮೇಲೆ ದಿನ ಎಣಿಸುವ ಕೆಲಸ. ಜಪ್ತಿಯಾದ 6 ತಿಂಗಳೊಳಗೆ ನೋಟಿಸ್ ಬರದಿದ್ದರೆ ವಸ್ತು ಹಿಂದಿರುಗಿಸಬೇಕು. ಕಮಿಷನರ್ ಕಾರಣ ಬರೆದು, ಗಡುವು ಮುಗಿಯುವ ಮುನ್ನವೇ ನಿಮಗೆ ತಿಳಿಸಿ, ಇನ್ನೂ 6 ತಿಂಗಳು ವಿಸ್ತರಿಸಬಹುದು. ಮುಟ್ಟುಗೋಲಿನ ಆದೇಶ ಬಂದರೆ 60 ದಿನದಲ್ಲಿ ಕಮಿಷನರ್ (ಅಪೀಲ್ಸ್) ಮುಂದೆ ಮೇಲ್ಮನವಿ. ಅಲ್ಲೂ ಸೋತರೆ ಬ್ಯಾಗೇಜ್ ಪ್ರಕರಣಗಳು ಟ್ರಿಬ್ಯೂನಲ್‌ಗೆ ಹೋಗುವುದಿಲ್ಲ, 3 ತಿಂಗಳೊಳಗೆ ಕೇಂದ್ರ ಸರ್ಕಾರದ ಮುಂದೆ ರಿವಿಷನ್ (ಮರುಪರಿಶೀಲನೆ) ಅರ್ಜಿ ಹಾಕಬೇಕು. ಅಭ್ಯಾಸದ ಮೇಲೆ ಟ್ರಿಬ್ಯೂನಲ್‌ಗೆ ಹೋದರೆ ಆ ಮೂರು ತಿಂಗಳೇ ಕಳೆದುಹೋಗಬಹುದು. ಮೇಲ್ಮನವಿಯ ಜೊತೆಗೇ, ಒಡವೆಯನ್ನು ವಿಲೇವಾರಿ ಮಾಡಬೇಡಿ ಎಂದು ಪ್ರತ್ಯೇಕ ಪತ್ರ ಕೊಡಿ. ಕರಗಿಸಿದ ತಾಳಿಯನ್ನು ಯಾವ ಆದೇಶವೂ ಮರಳಿ ತರುವುದಿಲ್ಲ.

‘ಇಷ್ಟು ಕೊಡಿ, ಬಿಡುತ್ತೇವೆ’ ಎಂದರೆ ಅದು ಸುಂಕವೋ ಲಂಚವೋ ಎಂದು ತಿಳಿಯಲು ರಸೀದಿ ಕೇಳಿದರೆ ಸಾಕು. ಬಲವಂತಕ್ಕೆ ಸಿಕ್ಕಿ ಲಂಚ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ತಿಳಿಸದಿದ್ದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಆರೋಪಿಗಳೇ.

ಗಟ್ಟಿ ಚಿನ್ನವನ್ನು ಚಪ್ಪಲಿಯಲ್ಲಿ ಬಚ್ಚಿಟ್ಟು ತಂದವರಿಗೆ ಇದ್ಯಾವುದೂ ಗುರಾಣಿಯಲ್ಲ. ಇದು ತೊಟ್ಟ ಒಡವೆಯ ಮಾತು. 2016ರ ಬ್ಯಾಗೇಜ್ ನಿಯಮ, ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದ ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ಬಿಟ್ಟಿತ್ತು. ಜೊತೆಗೆ ಕ್ರಮವಾಗಿ 1 ಲಕ್ಷ ಮತ್ತು 50,000 ರೂಪಾಯಿ ಮೌಲ್ಯದ ಮಿತಿ ಹೇರಿತ್ತು. ಚಿನ್ನದ ಬೆಲೆ ಏರಿದ ಹಾಗೆ ಆ ಮೌಲ್ಯದಲ್ಲಿ ಎರಡು ಬಳೆಯೂ ಹಿಡಿಯದಾಯಿತು, ಜಗಳಗಳ ಬೇರು ಅಲ್ಲಿತ್ತು. ಟಿಕೆಟ್ ಮಾಡಿಸುವ ದಿನವೇ ಈಗಿನ ಮಿತಿ ನೋಡಿಕೊಳ್ಳಿ. ಊರಿನಿಂದ ಒಡವೆ ತೊಟ್ಟು ಹೊರಡುವವರು ವಿಮಾನ ಹತ್ತುವ ಮುನ್ನ ಅದೇ ಕಸ್ಟಮ್ಸ್‌ನವರಿಂದ, ಒಡವೆ ಇಲ್ಲಿಂದಲೇ ಹೋದದ್ದು ಎನ್ನುವ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಬಿಲ್ಲು ಮತ್ತು ಒಡವೆಯ ಫೋಟೊ ಒಯ್ಯಿರಿ, ಚೆಕ್‌ಇನ್‌ಗಿಂತ ಸಾಕಷ್ಟು ಮುಂಚೆ ಹೋಗಿ.