ಆಕ್ಸ್‌ಫರ್ಡ್ ಯೂನಿಯನ್ ಮಾದರಿ: ಗೋಡೆ, ಕಿಟಕಿವರೆಗೆ ಬಂತು

ಹತ್ತೂ ಅಂಕಣದ ಗೋಡೆ ನಿಂತಿದೆ. ಈಗ ತಲೆನೋವು ಬಣ್ಣದ್ದು.

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ನಾನು ಮಾಡುತ್ತಿರುವುದು ಆಕ್ಸ್‌ಫರ್ಡ್ ಯೂನಿಯನ್ನಿನ ಹಳೆಯ ಸಭಾಂಗಣದ ಮಾದರಿ, 1:50 ಅಳತೆಯಲ್ಲಿ. ಈ ಯೂನಿಯನ್ 1823ರಲ್ಲಿ ವಿದ್ಯಾರ್ಥಿಗಳೇ ಡಿಬೇಟ್ ಮಾಡಲು ಕಟ್ಟಿಕೊಂಡ ಸಂಘ. ಇವತ್ತಿಗೂ ಅದು ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿಲ್ಲ. ಬೆಂಜಮಿನ್ ವುಡ್‌ವರ್ಡ್ ಎಂಬ ಐರಿಷ್ ವಾಸ್ತುಶಿಲ್ಪಿ ಅವರಿಗೆ ಈ ಕಟ್ಟಡ ಮಾಡಿಕೊಟ್ಟ. 1857ರಲ್ಲಿ ಅದು ತಯಾರಾಯಿತು. ಜಾಗ ಸಾಲದೆ 1879ರ ಹೊತ್ತಿಗೆ ಡಿಬೇಟೆಲ್ಲ ಪಕ್ಕದ ಹೊಸ ಸಭಾಂಗಣಕ್ಕೆ ಹೋಯಿತು. ಹಳೆಯದು ಲೈಬ್ರರಿ ಆಯಿತು. ನನ್ನದು ಆ ಹಳೆಯದು. ನಕ್ಷೆ ಸಿಗಲಿಲ್ಲ, ಹಾಗಾಗಿ ಅಳತೆಯೆಲ್ಲ ಫೋಟೋದಲ್ಲಿ ನಿಂತಿರುವ ಜನರ ಎತ್ತರ ನೋಡಿ ಹಾಕಿದ ಲೆಕ್ಕ.

ಜೂನ್

ಮಡಿಕೇರಿಯಲ್ಲಿ ಮಳೆಗಾಲಕ್ಕೆ ರಟ್ಟಿನ ಕೆಲಸ ಹಿಡಿಯಬಾರದು ಅಂತ ಎಲ್ಲರೂ ಹೇಳಿದರು. ಆದರೆ ತೋಟದ ಕೆಲಸ ಕಡಿಮೆ ಇರುವುದು, ಸಂಜೆ ಬಿಡುವು ಸಿಗುವುದು ಆಗಲೇ ಅಲ್ವಾ? ಗೋಡೆಗೆ ಫೋಮ್ ಬೋರ್ಡ್ ತರಿಸಿದೆ. ಅದು ರಟ್ಟಿನಷ್ಟು ಸೊಟ್ಟಗಾಗುವುದಿಲ್ಲ. ಗ್ಯಾಲರಿಯ ಹಲಗೆಗೆ ಮನೆಯಲ್ಲೇ ಇದ್ದ ಸಿಲ್ವರ್ ಓಕ್ ತುಂಡು. ಕತ್ತರಿಸಿದ್ದನ್ನೆಲ್ಲ ಅಮ್ಮನ ಸೌದೆ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ. ಫೆವಿಕಾಲ್ ಒಣಗುವುದೂ ಅಲ್ಲೇ. ಎಲ್ಲದಕ್ಕೂ ಹೊಗೆ ವಾಸನೆ ಹತ್ತಿದೆ, ಇರಲಿ.

ಹೊಗೆ ಅಂದಾಗ ನೆನಪಾಯಿತು. ಈ ಕಟ್ಟಡದಲ್ಲಿ ಬೆಂಕಿಗೂಡು ಹಾಲ್‌ನ ನಡುವೆ ಇದೆ, ಮೇಲೆ ಚಿಮಣಿಯೇ ಇಲ್ಲ. ಹೊಗೆ ನೆಲದಡಿಯ ಕೊಳವೆಯಲ್ಲಿ ಹೊರಗೆ ಹೋಗುವಂತೆ ಮಾಡಿದ್ದಾರೆ. ಮಾದರಿಯಲ್ಲಿ ಯಾರಿಗೂ ಕಾಣದಿದ್ದರೂ ಆ ಕೊಳವೆಯನ್ನು ಹಾಕಿದ್ದೇನೆ. ಇಂಥ ಕೆಲಸ ಮಾಡುವುದರಲ್ಲೇ ನನಗೆ ಜಾಸ್ತಿ ಖುಷಿ.

ಜುಲೈ

ಈ ತಿಂಗಳು ಪೂರ್ತಿ ಚಿತ್ರಗಳದ್ದೇ ಕಥೆ. ಗ್ಯಾಲರಿಯ ಮೇಲಿನ ಹತ್ತು ಅಂಕಣಗಳಲ್ಲೂ ದೊಡ್ಡ ಭಿತ್ತಿಚಿತ್ರಗಳಿವೆ. 1857ರ ಬೇಸಿಗೆ ರಜೆಯಲ್ಲಿ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಎಂಬ ಚಿತ್ರಕಾರ ತನ್ನ ಗೆಳೆಯರನ್ನು ಕರೆತಂದು ಶುರು ಮಾಡಿಸಿದ. ವಿಲಿಯಂ ಮಾರಿಸ್, ಎಡ್ವರ್ಡ್ ಬರ್ನ್-ಜೋನ್ಸ್ ಎಲ್ಲ ಆ ಗುಂಪಿನಲ್ಲಿದ್ದರು. ವಿಷಯ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆಗಳು. ಕೂಲಿ ಇಲ್ಲ, ಬಣ್ಣ ಮತ್ತು ಊಟ-ವಸತಿ ಖರ್ಚು ಯೂನಿಯನ್ನಿನದು. ಕೆಲವೇ ವಾರದ ಕೆಲಸ ಅಂದುಕೊಂಡಿದ್ದರು. ಆಗಲಿಲ್ಲ. ರೊಸೆಟ್ಟಿಯೇ ತನ್ನ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಹೋದ. ಕೊನೆಗೆ ಉಳಿದಿದ್ದ ಮೂರು ಅಂಕಣಗಳನ್ನು ತುಂಬಿಸಿದ್ದು ವಿಲಿಯಂ ರಿವಿಯರ್ ಮತ್ತು ಅವನ ಮಗ.

ಎಲ್ಲರಿಗಿಂತ ಮೊದಲು ಮುಗಿಸಿದವನು ಮಾರಿಸ್. ಆಗ ಅವನಿಗೆ 23 ವರ್ಷ. ಚಿತ್ರಕ್ಕೆ ನೋಡಿಕೊಳ್ಳಲು ಅಂತ ಊರಿನ ಕಮ್ಮಾರನಿಂದ ಶಿರಸ್ತ್ರಾಣ ಮಾಡಿಸಿ ಹಾಕಿಕೊಂಡು ನೋಡಿದನಂತೆ. ಮುಖದ ಮುಚ್ಚಳ ಸಿಕ್ಕಿಹಾಕಿಕೊಂಡು ತೆಗೆಯಲು ಬರದೆ ಒಳಗಿಂದಲೇ ಕೂಗಾಡಿದನಂತೆ. ಬರ್ನ್-ಜೋನ್ಸ್ ಹೇಳಿದ ಕಥೆ ಇದು.

ಮುಗಿದ ಹೊಸದರಲ್ಲಿ ಬಣ್ಣಗಳು ಹೊಳೆಯುತ್ತಿದ್ದವು. ಸ್ವಲ್ಪ ಕಾಲಕ್ಕೇ ಮಾಸತೊಡಗಿದವು. ಕಾರಣ ಕೇಳಲು ನಾನು ಪುಸ್ತಕ ಹುಡುಕಬೇಕಾಗಿರಲಿಲ್ಲ. ನಮ್ಮ ಮನೆಗೆ ಬಣ್ಣ ಹೊಡೆಯುವ ಮೇಸ್ತ್ರಿಗೆ ಫೋಟೋ ತೋರಿಸಿದೆ.

"ಗಾರೆ ಹಾಕಿದಾರಾ ಸರ್?"

"ಇಲ್ಲ. ಇಟ್ಟಿಗೆ ಮೇಲೆ ಸುಣ್ಣ, ಅದರ ಮೇಲೆ ನೇರ ಡಿಸ್ಟೆಂಪರ್."

"ಗೋಡೆ ಕಟ್ಟಿ ಎಷ್ಟು ದಿನ ಆಗಿತ್ತು?"

"ಅದೇ ಹೊಸದು. ಇನ್ನೂ ಹಸಿ."

ಅವರು ಫೋನ್ ವಾಪಸ್ ಕೊಟ್ಟರು. "ಗೋಡೆ ಒಂದು ಮಳೆಗಾಲ ನೋಡ್ಲಿ ಅಂತ ನಾವು ಹೇಳೋದು ಸುಮ್ನೆ ಅಲ್ಲ ಸರ್."

ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಜೊತೆಗೆ ಗ್ಯಾಸ್ ದೀಪಗಳ ಶಾಖ, ಮಸಿ ಬೇರೆ. ಚಾವಣಿಯನ್ನಂತೂ 1875ರಲ್ಲಿ ಮಾರಿಸ್ ಹೊಸ ವಿನ್ಯಾಸದಲ್ಲಿ ಮತ್ತೆ ಮಾಡಿಕೊಟ್ಟ. ಈಗ ಕಾಣುವುದು ಅದು.

ಆಗಸ್ಟ್

ಕಿಟಕಿಗಳು. ಒಂದೊಂದು ಅಂಕಣಕ್ಕೆ ಎರಡು, ಒಟ್ಟು ಇಪ್ಪತ್ತು. ಪ್ರತಿಯೊಂದಕ್ಕೂ ಹೂವಿನ ಹಾಗೆ ಆರು ದಳ. ಬ್ಲೇಡಿನಲ್ಲಿ ದಳ ಕೊರೆದು ಬೆರಳು ನೊಂದಿದೆ. ಆದರೆ ಈ ತಿಂಗಳ ನಿಜವಾದ ಸಂಗತಿ ಬೇರೆ. ಒಂದು ಅಂಕಣಕ್ಕೆ ಪ್ರಯೋಗಕ್ಕೆಂದು ಬಣ್ಣ ಹಚ್ಚಿ, ಕಿಟಕಿಯ ಹಿಂದೆ ಎಲ್‌ಇಡಿ ಇಟ್ಟು ಕರೆಂಟ್ ಕೊಟ್ಟೆ. ಚಿತ್ರವೇ ಮಾಯ! ಎರಡು ಬೆಳಕಿನ ಚಕ್ರ, ಸುತ್ತ ಕಪ್ಪು, ಅಷ್ಟೇ. ಬಣ್ಣ ಮಾಸದೇ ಇದ್ದಿದ್ದರೂ ಹಗಲು ಹೊತ್ತು ಈ ಚಿತ್ರಗಳು ಸರಿಯಾಗಿ ಕಾಣುತ್ತಿರಲಿಲ್ಲ. ಚಿತ್ರಕಾರರಿಗೂ ಇದೇ ತೊಂದರೆ ಆಗಿತ್ತು. ಕೆಲಸದ ಹೊತ್ತಿನಲ್ಲಿ ಗಾಜಿಗೆ ಬಿಳಿ ಬಳಿದುಕೊಂಡಿದ್ದರು. ಆ ಬಿಳಿಯ ಮೇಲೆ ತಮಾಷೆಗೆ ವೊಂಬ್ಯಾಟ್ ಎಂಬ ಆಸ್ಟ್ರೇಲಿಯಾದ ಗಿಡ್ಡ ಕಾಲಿನ ಪ್ರಾಣಿಯ ಚಿತ್ರಗಳನ್ನು ಗೀಚಿದ್ದರು! ಒಂದು ಕಿಟಕಿಗೆ ನಾನೂ ಬಿಳಿ ಬಳಿದು ಒಂದು ವೊಂಬ್ಯಾಟ್ ಬರೆದಿದ್ದೇನೆ. ನೋಡಿದವರು ಹಂದಿ ಅನ್ನುತ್ತಾರೆ.

ಡಿಗ್ರಿ ಓದುವ ಅಕ್ಕನ ಮಗಳು ಬಂದಿದ್ದಳು. ಒಳಗೆ ನಿಲ್ಲಿಸಲು ಮಾಡಿದ್ದ ಬೊಂಬೆಗಳನ್ನು ನೋಡಿ, "ಮಾವ, ಹುಡುಗಿಯರೇ ಇಲ್ವಲ್ಲ?" ಅಂದಳು. ಹೆಣ್ಣುಮಕ್ಕಳಿಗೆ ಪೂರ್ಣ ಸದಸ್ಯತ್ವ ಕೊಟ್ಟಿದ್ದೇ 1963ರಲ್ಲಿ ಅಂದೆ. ಮುಂಬೈಯ ಡಿ.ಎಫ್. ಕರಾಕ 1934ರಲ್ಲೇ ಅಧ್ಯಕ್ಷರಾಗಿದ್ದರು, ಅದಾಗಿ ಸುಮಾರು ಮೂವತ್ತು ವರ್ಷ ಬೇಕಾಯಿತು. "ಹಾಗಾದ್ರೆ ಹಾಕ್ಬೇಡಿ, ಹಾಕಿದ್ರೆ ಸುಳ್ಳಾಗುತ್ತೆ" ಅಂದಳು. ಬೆನಜೀರ್ ಭುಟ್ಟೋ ಅಧ್ಯಕ್ಷೆಯಾಗಿದ್ದನ್ನು ಹೇಳಿದೆ. ಅದು ಪಕ್ಕದ ಹೊಸ ಸಭಾಂಗಣದ ಕಾಲದ್ದು, ನನ್ನ ಮಾದರಿಗೆ ಸೇರುವುದಿಲ್ಲ.

ಈಗ ನಿರ್ಧಾರ. ಚಿತ್ರಗಳನ್ನು ಈಗಿರುವಂತೆ ಮಾಸಿದ ಹಾಗೆ ಬರೆಯಬೇಕೋ, 1857ರಲ್ಲಿದ್ದಂತೆ ಹೊಳೆಯುವ ಹಾಗೆ ಬರೆಯಬೇಕೋ? ಮಾಸಿದ್ದೇ ಸರಿ ಅಂತ ಗೆಳೆಯರ ವಾದ, ಕಟ್ಟಡದ ಚರಿತ್ರೆ ಅದರಲ್ಲೇ ಇದೆ ಅಂತ. ನಾನು ಹೊಸದನ್ನೇ ಬರೆಯುತ್ತೇನೆ. ಮಾಸಿದ್ದನ್ನು ಫೋಟೋದಲ್ಲಿ ಯಾರು ಬೇಕಾದರೂ ನೋಡಬಹುದು. ಹೊಸದನ್ನು ನೋಡಿದವರು ಈಗ ಯಾರೂ ಇಲ್ಲ. ಇನ್ನು ಮಾಸಿಸುವ ಕೆಲಸವನ್ನು ಮಡಿಕೇರಿಯ ಥಂಡಿ ತಾನೇ ಮಾಡುತ್ತದೆ.

ಎಲ್‌ಇಡಿಯನ್ನು ಕಿಟಕಿ ಹಿಂದಿನಿಂದ ತೆಗೆದು ಗ್ಯಾಲರಿಯ ಅಂಚಿನ ಕೆಳಗೆ, ಚಿತ್ರದ ಕಡೆ ಮುಖ ಮಾಡಿ ಅಂಟಿಸುತ್ತೇನೆ. ಮೊದಲು ಮಾರಿಸ್‌ನ ಅಂಕಣ. ಅವನ ಚಿತ್ರದಲ್ಲಿ ಮುಂದೆಲ್ಲ ಸೂರ್ಯಕಾಂತಿ ಹೂವೇ ತುಂಬಿರುವುದರಿಂದ ಹಳದಿ ಜಾಸ್ತಿ ಬೇಕು. ಸಂತೆ ದಿನ ಪೇಟೆಗೆ ಹೋದಾಗ ತರುತ್ತೇನೆ.