ನೆಲ್ಸನ್ನನ ಕಾಣದ ಕಣ್ಣು

"ಮಾಮ, ಅವನಿಗೆ ಒಂದು ಕಣ್ಣು ಕಾಣ್ತಿರಲಿಲ್ವಂತೆ. ಮತ್ತೆ ಪಟ್ಟಿ ಎಲ್ಲಿ?"

ಲಂಡನ್ನಿನಲ್ಲಿರುವ ಅಕ್ಕನ ಮಗನ ಪ್ರಶ್ನೆ. ನಾವಿಬ್ಬರೂ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಕತ್ತೆತ್ತಿ ನಿಂತಿದ್ದೆವು. ಸುಮಾರು 50 ಮೀಟರ್ ಎತ್ತರದ ಕಂಬದ ತುದಿಯಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್. ಅಷ್ಟು ದೂರದಿಂದ ಕಣ್ಣು ಕಾಣಬೇಕಲ್ಲ! ಆದರೆ ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ನೆಲ್ಸನ್ ಆ ಕಪ್ಪು ಪಟ್ಟಿ ಕಟ್ಟಿಕೊಂಡವನೇ ಅಲ್ಲ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ, ಗುಂಡು ಬಡಿದು ಸಿಡಿದ ಮರಳು, ಕಲ್ಲಿನ ಚೂರು ಅವನ ಬಲಗಣ್ಣಿಗೆ ಹೊಡೆಯಿತು. ದೃಷ್ಟಿ ಹೋಯಿತು. ನೋಡಿದವರಿಗೆ ಮಾತ್ರ ಅದು ಹೆಚ್ಚುಕಡಿಮೆ ಮಾಮೂಲಿ ಕಣ್ಣೇ.

ಕಂಡೂ ಕಾಣದ ಹಾಗಿರುವುದಕ್ಕೆ ಇಂಗ್ಲಿಷಿನಲ್ಲಿ 'ಟರ್ನಿಂಗ್ ಎ ಬ್ಲೈಂಡ್ ಐ' ಅಂತಾರಲ್ಲ, ಆ ಮಾತು ಬಂದರೆ ಜನ ನೆನೆಯುವುದು ಇದೇ ಕಣ್ಣನ್ನು. 1801ರ ಏಪ್ರಿಲ್ 2, ಡೇನರ (ಡೆನ್ಮಾರ್ಕಿನವರ) ವಿರುದ್ಧ ಬ್ರಿಟಿಷರ ಕೋಪನ್‌ಹೇಗನ್ ಕದನ. ದೂರದಲ್ಲಿದ್ದ ಮೇಲಧಿಕಾರಿ ಹೈಡ್ ಪಾರ್ಕರ್ ಬಾವುಟಗಳಿಂದ 39ನೇ ನಂಬರಿನ ಸಿಗ್ನಲ್ ಹಾರಿಸಿದ. ಅಂದರೆ ಕಾದಾಟ ನಿಲ್ಲಿಸಿ. ನೆಲ್ಸನ್ ಪಕ್ಕದಲ್ಲಿದ್ದ ಕ್ಯಾಪ್ಟನ್ ಫೋಲಿಗೆ, "ನನಗಿರುವುದು ಒಂದೇ ಕಣ್ಣು, ಒಮ್ಮೊಮ್ಮೆ ಕುರುಡನಾಗುವ ಹಕ್ಕು ನನಗಿದೆ" ಅಂದ. ದೂರದರ್ಶಕವನ್ನು ಕಾಣದ ಕಣ್ಣಿಗೆ ಹಿಡಿದು, ಸಿಗ್ನಲ್ ಕಾಣಿಸುತ್ತಲೇ ಇಲ್ಲ ಅಂದನಂತೆ. ಕಾದಾಟ ಮುಂದುವರಿಯಿತು.

ಇವತ್ತು ಈ ಮಾತನ್ನು ಲಂಚ ಕಂಡೂ ಸುಮ್ನೆ ಕೂತ ಅಧಿಕಾರಿಗೆ ಬಳಸುತ್ತೇವೆ. ನೆಲ್ಸನ್ನನದು ಆ ಜಾತಿಯ ಕುರುಡಲ್ಲ. ಸೋತಿದ್ದರೆ ಅವನ ತಲೆಯೇ ಹೋಗುತ್ತಿತ್ತೇನೋ.

ಸಿಗ್ನಲ್ ಕಂಡು ಪಾಲಿಸಿದವರೂ ಇದ್ದರು. ಸಣ್ಣ ಹಡಗುಗಳ ಮುಂದಾಳು ಎಡ್ವರ್ಡ್ ರಿಯೂ. ನೆಲ್ಸನ್ ನಮ್ಮ ಬಗ್ಗೆ ಏನಂದುಕೊಳ್ಳುತ್ತಾನೋ ಎಂದು ಕೊರಗುತ್ತಲೇ ಹಡಗು ತಿರುಗಿಸಿದ. ಆಗಲೇ ಫಿರಂಗಿ ಗುಂಡು ಬಡಿದು ಸತ್ತ. ನನಗೆ ಈ ಕಥೆಯಲ್ಲಿ ಜಾಸ್ತಿ ಕಾಡುವವನು ಅವನೇ.

ಕಂಬದ ಬುಡದಲ್ಲಿ ಕೋಪನ್‌ಹೇಗನ್ನಿನ ಕಂಚಿನ ಫಲಕವಿದೆ. ಹುಡುಗ ಅದರಲ್ಲಿ ದೂರದರ್ಶಕ ಹುಡುಕಿದ. ಆದರೆ ಅಲ್ಲಿ ನೆಲ್ಸನ್ ಪತ್ರಕ್ಕೆ ಮೊಹರು ಹಾಕುತ್ತಿದ್ದಾನೆ. ಕದನದ ಮಧ್ಯೆಯೇ ಡೇನರಿಗೆ ಸಂಧಾನದ ಪತ್ರ ಬರೆದು, ಅದಕ್ಕೆ ಅರಗಿನ ಮೊಹರೇ ಬೇಕು ಅಂದನಂತೆ. ಅವಸರದಲ್ಲಿದ್ದಾನೆ ಅಂತ ಅವರಿಗೆ ಅನ್ನಿಸಬಾರದಲ್ಲ! ಕಣ್ಣಿನ ತಮಾಷೆಗಿಂತ ಇದು ದೊಡ್ಡ ಚಾಲಾಕಿತನ ಅಂತ ನನಗನ್ನಿಸಿತು.

ಕದನದ ಮುಂದಿನ ತಿಂಗಳೇ ಪಾರ್ಕರ್‌ನನ್ನು ವಾಪಸ್ ಕರೆಸಿಕೊಂಡು, ಆ ಹುದ್ದೆಯನ್ನು ನೆಲ್ಸನ್ನನಿಗೇ ಕೊಟ್ಟರು.

"ರಿಯೂಗೆ?" ಅಂದ ಹುಡುಗ.

"ಸೇಂಟ್ ಪಾಲ್ಸ್ ಚರ್ಚಿನಲ್ಲಿ ಒಂದು ಸ್ಮಾರಕ. ನೆಲ್ಸನ್ನನ ಸಮಾಧಿಯೂ ಅಲ್ಲೇ ಇದೆ."

"ನಡಿ ಮಾಮ, ಹೋಗೋಣ" ಅಂದ. ಬಸ್ ಸ್ಟಾಪಿನ ಕಡೆ ಹೊರಟೆವು.