ಬಾನೆಟ್ ಎತ್ತಿದರೆ ಕೈ ಎಲ್ಲಿವರೆಗೆ ಹೋಗುತ್ತೆ?

ಮದುವೆ ಊಟದ ಪಂಕ್ತಿಯಲ್ಲಿ, ಸಂತೆಯಲ್ಲಿ, ಒಮ್ಮೆಯಂತೂ ಹನ್ನೊಂದನೇ ದಿನದ ಊಟಕ್ಕೆ ಹೋದಲ್ಲೂ ಇದೇ ಪ್ರಶ್ನೆ: "ಅಣ್ಣಾ, ಹದಿನೆಂಟು ಲಕ್ಷ ಹೊಂದಿಸಿದ್ದೀನಿ. ಸೆಕೆಂಡ್ ಹ್ಯಾಂಡಲ್ಲಿ ದೊಡ್ಡ ಫೋರ್ ಬೈ ಫೋರ್ ತಗೋಬೇಕು. ಯಾವುದು ತಗೊಳ್ಳಲಿ? ಯಾವ ಎಂಜಿನ್ ನಂಬಬಹುದು?"

ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ. ನಾನು ಸಕಲೇಶಪುರದ ಕಡೆಯವನು. ಮೆಕ್ಯಾನಿಕ್ ಅಲ್ಲ, ತೋಟ ಮಾಡಿಕೊಂಡಿರುವವನು. ಅವರಿವರ ಜೊತೆ ಗಾಡಿ ನೋಡಲು ಹೋಗಿ ಹೋಗಿ ಗಾಡಿ ಬಲ್ಲವನು ಅನ್ನುವ ಹೆಸರು ಅಂಟಿಕೊಂಡಿದೆ. ಈಚೆಗೆ ಕೇಳಿದವನು ತಂಗಿಯ ಗಂಡ. "ಭಾವ, ಬೆಂಗಳೂರಲ್ಲಿ ಒಂದು ಲ್ಯಾಂಡ್ ರೋವರ್ ಡಿಸ್ಕವರಿ 4 ಇದೆ. ಹೊಸಾ ಕ್ರೆಟಾ ರೇಟಿಗೆ ಕೊಡ್ತಾರಂತೆ!" ಅಂತ ಬೆಳಗ್ಗೆ ಆರಕ್ಕೇ ಫೋನು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹತ್ತು ವರ್ಷ ಓಡಿದ ಗಾಡಿಯಲ್ಲಿ ಏನೋ ಒಂದು ಹೋಗೇ ಹೋಗುತ್ತೆ, ಅದರಲ್ಲಿ ಯಾವ ಕಂಪನಿಯೂ ಹೊರತಲ್ಲ. ನಾನು ಕೇಳುವುದು ಒಂದೇ: ಹೋದ ಭಾಗಕ್ಕೆ ಕೈ ತಲುಪಬೇಕಾದರೆ ಮೊದಲು ಏನೇನು ಬಿಚ್ಚಬೇಕು?

ಮರ್ಸಿಡಿಸ್ ಎಂಎಲ್ ತಗೊಳ್ಳಿ. ಅದರ 3 ಲೀಟರ್ ವಿ6 ಡೀಸೆಲ್, ಓಎಂ642, ಗಟ್ಟಿ ಎಂಜಿನ್. 2005ರಲ್ಲಿ ಬಂದದ್ದು, ಜೀಪ್ ಗ್ರ್ಯಾಂಡ್ ಚೆರೋಕಿಗೂ ಅದನ್ನೇ ಹಾಕಿದ್ದರು. ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತೆ. ಆದರೆ ಆಯಿಲ್ ಕೂಲರನ್ನು ಇಟ್ಟಿರುವುದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೋ ಕೆಳಗೆ. ಅದರ ಸೀಲುಗಳು ಕಾಯ್ದು ಕಾಯ್ದು ಸೆಡೆದುಕೊಂಡು ಎಣ್ಣೆ ಬಿಡುತ್ತವೆ. ಮೊದಲು ಕಿತ್ತಳೆ ಬಣ್ಣದ ಸೀಲ್ ಬರುತ್ತಿತ್ತು, ಆಮೇಲೆ ಬಿಸಿ ತಡೆಯುವ ನೇರಳೆ ಬಣ್ಣದ್ದು ಬಂತು. ಅಂಗೈಯಲ್ಲಿ ಇಟ್ಟರೆ ಮಕ್ಕಳ ಕೂದಲ ರಬ್ಬರ್ ಬ್ಯಾಂಡಿನಷ್ಟಿರುತ್ತೆ. ಅದನ್ನು ಹಾಕಲು ಟರ್ಬೋ ಇಳಿಸಬೇಕು, ಗಾಳಿ ಒಳಗೆ ಹೋಗುವ ಕೊಳವೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ. ಹಾಗಂತ ಎಂಎಲ್ ಬೇಡ ಅನ್ನಲ್ಲ. ಆ ಕೆಲಸ ಆಗಿರುವ ಬಿಲ್ ತೋರಿಸಿದರೆ ಕಣ್ಣುಮುಚ್ಚಿ ತಗೊಳ್ಳಿ ಅಂತಲೂ ಹೇಳಿದ್ದುಂಟು.

ಬಿಎಂಡಬ್ಲ್ಯು ಎಕ್ಸ್5 ಕೇಳುವವರಿಗೆ ಎಂಜಿನ್ ಕೋಡ್ ನೋಡಿ ಅನ್ನುತ್ತೇನೆ. ಹಳೇ ಎಂ57 ಆದರೆ ಟೈಮಿಂಗ್ ಚೈನ್, ಅಂದರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ, ಎಂಜಿನ್ನಿನ ಮುಂದಿದೆ. ಅದರ ನಂತರ ಬಂದ ಎನ್57ರಲ್ಲಿ ಚೈನನ್ನು ಹಿಂದಕ್ಕೆ, ಗೇರ್‌ಬಾಕ್ಸ್ ಕಡೆಗೆ ತಳ್ಳಿದ್ದಾರೆ. ಚೈನ್ ಗಲಗಲ ಅಂದರೆ ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲವೇ ಎಂಜಿನ್ನನ್ನೇ ಎತ್ತಬೇಕು. ಹೊರಗಿನಿಂದ ಎರಡೂ ಗಾಡಿ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ. ಆಡಿ ಕ್ಯೂ7ನ 3 ಲೀಟರ್ ಡೀಸೆಲ್‌ನಲ್ಲೂ ಚೈನ್ ಹಿಂದೆಯೇ. ಜೊತೆಗೆ ಈ ಎಕ್ಸ್5, ಕ್ಯೂ7ಗಳಲ್ಲಿ ಲೋ ರೇಂಜ್ ಇಲ್ಲ, ಅಂದರೆ ಕಡಿದಾದ ಏರಿನಲ್ಲಿ, ಕೆಸರಿನಲ್ಲಿ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರ್ ಇಲ್ಲ. ಜುಲೈ ತಿಂಗಳಲ್ಲಿ ನಮ್ಮ ತೋಟದ ಏರಿಗೆ ತಂದು ನೋಡಿ, ಗೊತ್ತಾಗುತ್ತೆ.

ಇನ್ನು ತಂಗಿಯ ಗಂಡ, ಅಂದರೆ ನಮ್ಮ ಭಾವ, ಕೇಳಿದ ಡಿಸ್ಕವರಿ. ಬ್ರಿಟನ್ನಿನ ಗಾಡಿ. ಇದರ ವಿ6 ಡೀಸೆಲ್ ಹುಟ್ಟಿದ್ದು ಫೋರ್ಡ್ ಮತ್ತು ಪೂಜೋ-ಸಿಟ್ರೊಯೆನ್ ಕೂಡಾವಳಿಯಲ್ಲಿ. 2008ರಿಂದ ಕಂಪನಿ ನಮ್ಮ ಟಾಟಾದವರದ್ದು. ಇಷ್ಟು ಜನ ನೆಂಟರಿದ್ದರೆ ಜಗಳ ಇರಲೇಬೇಕು. ಓಡಿಸಿದರೆ ಮಾತ್ರ ಅದರಷ್ಟು ಸುಖ ಬೇರೆ ಯಾವುದೂ ಕೊಡಲ್ಲ, ಒಪ್ಪಿಕೊಳ್ಳುತ್ತೇನೆ. ಈ ಎಂಜಿನ್ನಿನಲ್ಲಿ ಬೇರಿಂಗ್ ತಿರುಗಿ, ಎಂಜಿನ್ನಿನ ಬೆನ್ನೆಲುಬಿನಂಥ ದಂಡ ಕ್ರ್ಯಾಂಕ್ ಶಾಫ್ಟೇ ಮುರಿದ ಪ್ರಸಂಗಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಬೆಲ್ಟ್ ಒಂದಲ್ಲ ಎರಡು: ಮುಂದಿನದ್ದು ಟೈಮಿಂಗಿಗೆ, ಹಿಂದಿನದ್ದು ಡೀಸೆಲ್ ಪಂಪಿಗೆ. ಮುಂದಿನದನ್ನು ಬದಲಿಸಿ ಹಿಂದಿನದನ್ನು ಮರೆತವರು ಎಷ್ಟೋ ಜನ. ಟರ್ಬೋ ಕೆಲಸ ಬಂದರೆ ಎಷ್ಟೋ ಗ್ಯಾರೇಜಿನವರು ಬಾಡಿಯನ್ನೇ ಚಾಸಿಯಿಂದ ಬಿಚ್ಚಿ ಲಿಫ್ಟಿನಲ್ಲಿ ಮೇಲೆತ್ತುತ್ತಾರೆ, ಕೆಲಸ ಸಲೀಸು ಅಂತ. ಸೀಟು, ಸ್ಟೀರಿಂಗ್ ಎಲ್ಲ ಮೇಲೆ, ಚಕ್ರ ಎಂಜಿನ್ ಕೆಳಗೆ. ಹಾಸನ ಜಿಲ್ಲೆಯಲ್ಲಿ ಅದನ್ನು ಯಾರ ಹತ್ತಿರ ಮಾಡಿಸುತ್ತೀಯ ಅಂತ ಕೇಳಿದೆ. ಭಾವ ಮಾತಾಡಲಿಲ್ಲ.

ಆದರೂ ನೋಡಿಕೊಂಡು ಬರೋಣ ಅಂದ. ಹೋದೆವು. ಗಾಡಿ ತಣ್ಣಗಿರಬೇಕು, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಹೇಳಿದ್ದೆ. ಬೆಳಗ್ಗೆ ಏಳೂಕಾಲಿಗೆ ತಲುಪಿ ಬಾನೆಟ್ ಮೇಲೆ ಅಂಗೈ ಇಟ್ಟರೆ ಆಗಷ್ಟೇ ಇಳಿಸಿದ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬೆಚ್ಚಗಿತ್ತು. "ವಾಶ್ ಮಾಡೋಕೆ ಆಚೆ ತಂದ್ವಿ ಸಾರ್" ಅಂದ ಹುಡುಗ. ಗಾಡಿಯ ಮೇಲೆ ಒಂದು ಹನಿ ನೀರಿರಲಿಲ್ಲ. ಡೀಸೆಲ್ ಗಾಡಿಯ ಗುಟ್ಟು ಗೊತ್ತಾಗುವುದು ರಾತ್ರಿಯಿಡೀ ನಿಂತು ಬೆಳಗ್ಗೆ ಎದ್ದಾಗ. ಎಷ್ಟು ಸುತ್ತು ಕ್ರ್ಯಾಂಕ್ ಆಗುತ್ತೆ, ಹೊಗೆ ಬಿಳಿಯೋ ಕಪ್ಪೋ, ಮೊದಲ ನಾಲ್ಕು ಸೆಕೆಂಡಿನಲ್ಲಿ ಚೈನ್ ಸದ್ದು ಮಾಡುತ್ತಾ, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಇದ್ದರೆ ಯಾವ ಮೂಲೆ ಕುಸಿದು ಕೂತಿದೆ, ಇಷ್ಟನ್ನೂ ಆಗಲೇ ನೋಡಬೇಕು. ಬಿಸಿ ಮಾಡಿ ಇಟ್ಟವರು ಇಷ್ಟನ್ನೂ ಮುಚ್ಚಿದ ಹಾಗೆ. ಅಲ್ಲೇ ಪಕ್ಕದಲ್ಲಿ ಮಸಾಲೆ ದೋಸೆ ತಿಂದು ವಾಪಸ್ ಹೊರಟೆವು.

ಹಾಗಾದರೆ ಯಾವುದು? ತೋಟಕ್ಕೂ ಆಗಬೇಕು, ಮಂಗಳೂರಿಗೂ ಮೈಸೂರಿಗೂ ಹೋಗಬೇಕು ಅನ್ನುವವರಿಗೆ ನನ್ನ ಉತ್ತರ ಟೊಯೋಟಾದ 3 ಲೀಟರ್ ಡಿ-4ಡಿ, ಅಂದರೆ 1ಕೆಡಿ ಎಂಜಿನ್. 2982 ಸಿಸಿ, ನಾಲ್ಕು ಸಿಲಿಂಡರ್. ದುಡ್ಡಿದ್ದರೆ ಪ್ರಾಡೊ, ಇಲ್ಲದಿದ್ದರೆ 2009ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ತಲೆಮಾರಿನ ಫಾರ್ಚೂನರ್ ಫೋರ್ ಬೈ ಫೋರ್. ಲ್ಯಾಂಡ್ ಕ್ರೂಸರ್ 200ರ 4.5 ಲೀಟರ್ ವಿ8 ಇದಕ್ಕಿಂತ ದೊಡ್ಡ ಕುಳ, ಆದರೆ ಅದು ನಮ್ಮ ಹದಿನೆಂಟು ಲಕ್ಷದ ಮಾತಲ್ಲ.

ಇದಕ್ಕೂ ಕಾಯಿಲೆ ಇದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಳಗೆ ಒಂದು ತಾಮ್ರದ ವಾಷರ್ ಇರುತ್ತೆ. ಅದು ಲೀಕಾದರೆ ಉರಿದ ಗ್ಯಾಸ್ ಎಣ್ಣೆಗೆ ಸೇರಿ ಮಸಿ ಕಟ್ಟುತ್ತೆ. ಆ ಮಸಿ ಇಳಿದು ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿರುವ ಜಾಲರಿ ಮುಚ್ಚಿತೋ, ಎಣ್ಣೆ ಮೇಲೆ ಹೋಗದೆ ಎಂಜಿನ್ ಜಾಮ್. ಅದಕ್ಕೇ ಆಯಿಲ್ ಹಾಕುವ ಮುಚ್ಚಳ ತೆಗೆದು ಬೆರಳು ಆಡಿಸಿ ನೋಡಿ. ಎಣ್ಣೆ ಕಪ್ಪಗಿರುವುದು ಸಹಜ. ಸೌದೆ ಒಲೆ ಪಾತ್ರೆಯ ತಳದ ಹಾಗೆ ಗಟ್ಟಿ ಕರಿ ಉದುರಿದರೆ ಮುಚ್ಚಳ ಹಾಕಿ ನಮಸ್ಕಾರ ಹೇಳಿ. ಆದರೆ ವಾಷರ್ ಬದಲಿಸಲು ಮೇಲಿಂದಲೇ ಕೈ ಹೋಗುತ್ತೆ. ಟೈಮಿಂಗ್ ಬೆಲ್ಟ್ ಎಂಜಿನ್ನಿನ ಮುಂದೆಯೇ ಇದೆ. 1.5 ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚು ರೇಟಿನಲ್ಲಿ ಕಳೆಯಿರಿ. ಲೋ ರೇಂಜ್ ಹಾಕಿಸಿ ನೋಡುವುದನ್ನು ಮರೆಯಬೇಡಿ. ಸಿಟಿಯಲ್ಲೇ ಬೆಳೆದ ಗಾಡಿಗಳಲ್ಲಿ ಆ ಲಿವರ್ ಮದುವೆ ಬೆಳ್ಳಿ ತಟ್ಟೆಯ ಹಾಗೆ, ಇದೆ, ಬಳಸಿದವರಿಲ್ಲ. ಹಾಗೇ ಬಿಟ್ಟು ಹಿಡಿದುಕೊಂಡಿರುತ್ತೆ.

ಆಟೋಮ್ಯಾಟಿಕ್ ಬೇಕು ಅನ್ನುವವರು ಗೇರ್ ಆಯಿಲ್ ಬಗ್ಗೆ ಕೇಳಿ. "ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗಿಲ್ಲ" ಅನ್ನುತ್ತಾರೆ. ಡಿಸ್ಕವರಿ, ಬಿಎಂಡಬ್ಲ್ಯುಗಳಿಗೆ ಗೇರ್‌ಬಾಕ್ಸ್ ಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತೆ. ಯಾರ ಲೈಫ್‌ಟೈಮ್ ಅಂತ ವಾಪಸ್ ಕೇಳಿ ನೋಡಿ.

ದೆಹಲಿ ಗಾಡಿಗಳ ಬಗ್ಗೆ ಒಂದೇ ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಹರಿದುಬಂದವು. ಎನ್‌ಓಸಿ ತಂದು ಇಲ್ಲಿ ಕೆಎ ನಂಬರ್ ಮಾಡಿಸುವಾಗ ಲೈಫ್ ಟ್ಯಾಕ್ಸ್ ಲೆಕ್ಕ ಹಿಡಿಯುವುದು ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ವಯಸ್ಸಾದಷ್ಟೂ ದರ ಇಳಿಯುತ್ತೆ ನಿಜ, ಆದರೂ ಅರವತ್ತು ಲಕ್ಷದ ಗಾಡಿಗೆ ಎಷ್ಟು ಬರುತ್ತೆ ಅಂತ ಆರ್‌ಟಿಓದಲ್ಲಿ ಕೇಳಿಕೊಂಡೇ ಅಡ್ವಾನ್ಸ್ ಕೊಡಿ.

ಭಾವ ಎರಡು ತಿಂಗಳಾದ ಮೇಲೆ ಚಿಕ್ಕಮಗಳೂರಿನ ತೋಟದವರೊಬ್ಬರಿಂದ ಫಾರ್ಚೂನರ್ ತಗೊಂಡ. 1.9 ಲಕ್ಷ ಓಡಿದೆ, ಬೆಲ್ಟ್ ಬಿಲ್ ಇದೆ, ವಾಷರ್ ಬದಲಿಸಿದ ಬಿಲ್ ಕೂಡ ಇದೆ. ಹಿಂದಿನ ಸೀಟಿನಲ್ಲಿ ಇನ್ನೂ ಕಾಫಿ ಮೂಟೆಯ ವಾಸನೆ. ತಂಗಿಗೆ ಬಣ್ಣ ಹಿಡಿಸಿಲ್ಲ, ಅದಕ್ಕೆ ನನ್ನನ್ನೇ ಬೈಯುತ್ತಾಳೆ.